ಚಿನಕುರಳಿ ರಸ್ತೆ ಯಾರದು?

ಭಾನುವಾರ ಬೆಳಿಗ್ಗೆ ಕಾಫಿಗೆ ಸಕ್ಕರೆ ಸಾಲದು ಎಂದು ಹೇಳಲು ಸುಶಮೀಂದ್ರ ಬಾಯಿ ತೆರೆದಿದ್ದ. ಅಷ್ಟರಲ್ಲಿ ಫೋನು ‘ಟಿಣ್’ ಎಂದಿತು. ಇಂಗ್ಲಿಷಿನಲ್ಲಿ ಒಂದು ಮೇಲ್ ಬಂದಿತ್ತು. ಓದಿದ. ತೆರೆದ ಬಾಯಿ ತೆರೆದಂತೆಯೇ ಉಳಿಯಿತು, ಸಕ್ಕರೆಯ ಮಾತು ಮಾತ್ರ ಹೊರಗೆ ಬರಲಿಲ್ಲ.

ಸುಶಮೀಂದ್ರ ಪಾಂಡವಪುರದ ಒಂದು ಖಾಸಗಿ ಹೈಸ್ಕೂಲಿನಲ್ಲಿ ಕಂಪ್ಯೂಟರ್ ಮೇಷ್ಟ್ರು. ಶ್ರೀರಂಗಪಟ್ಟಣದ ಕೋಟೆಯೊಳಗೆ, ದೇವಸ್ಥಾನದ ಸೇವೆಯ ಮನೆತನದಲ್ಲಿ ಹುಟ್ಟಿದವನು. ಜೋರಾಗಿ ಮಾತಾಡಿದವನಲ್ಲ, ಸಾಲು ತಪ್ಪಿಸಿ ಪ್ರಸಾದ ತೆಗೆದುಕೊಂಡವನೂ ಅಲ್ಲ. ಆದರೆ ಶಾಲೆ ಬಿಟ್ಟ ಮೇಲೆ ಮನೆಯಲ್ಲಿ ಅವನು ನಡೆಸುತ್ತಿದ್ದ ಒಂದು ವ್ಯವಹಾರವಿತ್ತು.

ಹಲವು ವರ್ಷಗಳ ಹಿಂದೆ ಹೈದರಾಬಾದಿನ ಒಂದು ಸಣ್ಣ ಕಂಪನಿ ‘ಬಸ್ ಸರದಾರ’ ಎಂಬ ವಿಡಿಯೋ ಗೇಮ್ ಮಾಡಿತ್ತು. ಅದರಲ್ಲಿ ಬಸ್ಸು ಓಡಿಸಬೇಕು, ಅಷ್ಟೇ ಆಟ. ಸುಶಮೀಂದ್ರನಿಗೆ ಅದೆಂದರೆ ಪ್ರಾಣ. ಕಂಪನಿಯವರು ಆ ಆಟವನ್ನು ಮರೆತುಬಿಟ್ಟರೂ ಇವನು ಬಿಡಲಿಲ್ಲ. ಆಟದ ಹೊಟ್ಟೆ ಬಗೆದು ಬಸ್ಸು, ಗಾಲಿ, ಮರ, ಮಳೆ, ಇಂಜಿನ್ನಿನ ಸದ್ದು ಎಲ್ಲವನ್ನೂ ಹೊರಕ್ಕೆ ತೆಗೆದ. ಆಮೇಲೆ ಪಾಂಡವಪುರದಿಂದ ಚಿನಕುರಳಿ ಮೇಲೆ ಕೆ.ಆರ್. ಪೇಟೆಗೆ ಹೋಗುವ ರಸ್ತೆಯನ್ನು ಸ್ವಂತವಾಗಿ ಕಟ್ಟಿದ. ಪ್ರತಿ ತಿರುವು, ಪ್ರತಿ ಹಂಪು, ಟೀ ಅಂಗಡಿಯ ಮುಂದಿನ ಬೆಂಚು, ಮಾಕವಳ್ಳಿ ಸಕ್ಕರೆ ಕಾರ್ಖಾನೆ ಕಡೆಗೆ ಕಬ್ಬು ಹೇರಿಕೊಂಡು ಹೊರಟ ಟ್ರಾಕ್ಟರು, ಒಂದನ್ನೂ ಬಿಡಲಿಲ್ಲ. ಅದಕ್ಕೆ ‘ಪೇಟೆ ಬಸ್ಸು’ ಎಂದು ಹೆಸರಿಟ್ಟು, ತೆಗೆದದ್ದು ಕಟ್ಟಿದ್ದು ಎರಡನ್ನೂ ಒಂದೇ ಗಂಟು ಮಾಡಿ, ಬೇಕಾದವರು ತೆಗೆದುಕೊಳ್ಳಲಿ ಎಂದು ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಇಟ್ಟಿದ್ದ. ಬ್ರೆಜಿಲ್ ದೇಶದವನೊಬ್ಬ ದಿನವೂ ಆಡಿ ಆಡಿ, ಚಿನಕುರಳಿಯ ಹಂಪಿನ ಮೇಲೆ ಯಾವ ಗೇರಿನಲ್ಲಿ ಹೋಗಬೇಕೆಂದು ಚಿನಕುರಳಿಯವರಿಗೇ ಹೇಳಿಕೊಡುವಷ್ಟು ಪಳಗಿದ್ದ.

ಮೇಲ್ ಬಂದದ್ದು ಆ ಹೈದರಾಬಾದ್ ಕಂಪನಿಯಿಂದ. “ನಿಮ್ಮ ಫ್ಯಾನ್ ಪ್ರಾಜೆಕ್ಟಿನಲ್ಲಿ ನಮ್ಮ ಆಟದ ಅಸೆಟ್‌ಗಳಿರುವುದು ಗಮನಕ್ಕೆ ಬಂದಿದೆ. ಕಾಪಿರೈಟ್ ಬಗ್ಗೆ ಕೆಲವು ವಿಷಯ ಮಾತಾಡಬೇಕಾಗಿದೆ. ಸಂಜೆ ನಮ್ಮವರು ಫೋನ್ ಮಾಡುತ್ತಾರೆ.”

“ಸಿಂಚನಾ, ನಾನು ಸಿಕ್ಕಿಹಾಕ್ಕೊಂಡೆ ಕಣೇ,” ಎಂದ.

ಹೆಂಡತಿ ಸಿಂಚನ ಭಾನುವಾರಗಳಂದು ಶ್ರೀರಂಗಪಟ್ಟಣಕ್ಕೆ ಹೋಗಿ ಮಕ್ಕಳಿಗೆ ಸಂಗೀತ ಹೇಳಿಕೊಡುತ್ತಿದ್ದಳು. ಬಸ್ಸಿಗೆ ಹೊತ್ತಾಯಿತೆಂದು ಚಪ್ಪಲಿ ಮೆಟ್ಟುತ್ತಲೇ ಫೋನು ತೆಗೆದುಕೊಂಡು ಓದಿದಳು.

“ಇದರಲ್ಲಿ ಬೈದಿದ್ದು ಎಲ್ಲಿದೆ? ಮಾತಾಡ್ಬೇಕು ಅಂದಿದಾರೆ ಅಷ್ಟೆ.”

“ದೊಡ್ಡೋರು ಬೈಯೋಕೆ ಮುಂಚೆ ಹೀಗೇ ಬರೆಯೋದು. ಒಂಬತ್ತನೇ ಕ್ಲಾಸಿಗೆ ಪೈರಸಿ ಅಪರಾಧ ಅಂತ ಪಾಠ ಮಾಡೋನು ನಾನು! ಶಾಲೇಲಿ ಗೊತ್ತಾದ್ರೆ ಏನು ಗತಿ?”

“ಫೋನ್ ಬರೋವರೆಗೂ ಸುಮ್ಮನಿರಿ. ಯಾರಿಗೂ ಹೇಳೋಕೆ ಹೋಗ್ಬೇಡಿ. ಮುಖ್ಯವಾಗಿ ನಾಗರಾಜು ಅವರಿಗೆ,” ಎಂದು ಸಿಂಚನ ಮೆಟ್ಟಿಲಿಳಿದಳು.

ಅವಳು ಮೆಟ್ಟಿಲಿಳಿಯುತ್ತಿದ್ದಂತೆಯೇ ನಾಗರಾಜು ಮೆಟ್ಟಿಲೇರಿ ಬಂದ.

ನಾಗರಾಜು ಅದೇ ಶಾಲೆಯ ಡ್ರಿಲ್ ಮೇಷ್ಟ್ರು, ನಾಗಮಂಗಲ ತಾಲೂಕಿನ ಹೊಣಕೆರೆ ಕಡೆಯವನು, ಪಕ್ಕದ ಮನೆಯಲ್ಲೇ ಬಾಡಿಗೆಗಿದ್ದ. ಅವನ ಷಡ್ಡಕ ಕೋರ್ಟಿನಲ್ಲಿ ಟೈಪಿಸ್ಟು. ಆ ಒಂದು ನಂಟಿನಿಂದ ಭಾರತದ ಸಮಸ್ತ ಕಾನೂನೂ ತನ್ನ ಮನೆಯ ಅಟ್ಟದ ಮೇಲಿದೆ ಎಂಬಂತೆ ಮಾತಾಡುತ್ತಿದ್ದ. ಪೇಪರು ಕೇಳಲು ಬಂದವನು ಸುಶಮೀಂದ್ರನ ಮುಖ ನೋಡಿದ. ಅದು ಹುಳಿ ಬಾರದ ಇಡ್ಲಿ ಹಿಟ್ಟಿನಂತೆ ಪಾತ್ರೆಯ ತಳದಲ್ಲಿ ಕೂತಿತ್ತು.

“ಏನ್ ಸಾ, ಯಾಕಿಂಗಿದೀರಿ?”

ಗುಟ್ಟು ಮುಚ್ಚಿಡುವ ಅಭ್ಯಾಸವಿಲ್ಲದ ಸುಶಮೀಂದ್ರ ಎಲ್ಲವನ್ನೂ ಹೇಳಿದ. ನಾಗರಾಜು ಮೇಲ್ ತೆಗೆದುಕೊಂಡು ಒಂದೊಂದೇ ಪದವಾಗಿ ಓದಿ, ಒಂದು ಪದದ ಮೇಲೆ ಬೆರಳಿಟ್ಟ.

“ಅಸೆಟ್ಟು! ಅಸೆಟ್ಟು ಅಂದ್ರೆ ಆಸ್ತಿ ಅಲ್ವಾ ಸಾ? ಆಸ್ತಿ ಕೇಸು ತಲೆಮಾರುಗಟ್ಲೆ ನಡೀತವೆ. ನಮ್ ಷಡ್ಡಕನ್ನ ಕೇಳಿ ಬೇಕಾರೆ.”

“ಅದು ಆ ಆಸ್ತಿ ಅಲ್ಲ ನಾಗರಾಜು. ಬಸ್ಸಿನ ಚಿತ್ರ, ಮರದ ಚಿತ್ರ, ಸದ್ದು, ಇಂಥವು.”

“ಯಾವ್ದಾದ್ರೇನು ಸಾ, ಇನ್ನೊಬ್ರುದ್ದು ತಾನೆ?” ಎಂದು ನಾಗರಾಜು ಪೇಪರನ್ನು ಮರೆತು ಕೆಳಗೆ ಓಡಿದ.

ಕೆಳಗಿನ ಮನೆ ಮಾಲೀಕ ಜವರಯ್ಯನದು. ಕಬ್ಬು, ಭತ್ತ, ಎಮ್ಮೆ ಎಲ್ಲ ಇದ್ದ ಅನುಕೂಲಸ್ಥ. ಒಂದು ಲೋಟ ಕಾಫಿ ಕುಡಿಯುವಷ್ಟರಲ್ಲಿ ಅವನೂ ಅವನ ಹೆಂಡತಿ ದೊಡ್ಡತಾಯಮ್ಮನೂ ನಾಗರಾಜುವಿನ ಜೊತೆ ಮೇಲಕ್ಕೆ ಬಂದು ನಿಂತಿದ್ದರು.

“ಏನ್ ಮೇಷ್ಟ್ರೇ,” ಎಂದ ಜವರಯ್ಯ ದನಿ ತಗ್ಗಿಸಿ, “ಐದ್ರಾಬಾದಿನೋರ ಆಸ್ತಿ ಒಡ್ಕೊಂಡ್‌ಬುಟ್ಟಿದ್ದೀರಂತೆ? ನಿಮ್ಮಂತ ಸಾದು ಮನ್ಸ, ಅಷ್ಟ್ ದೂರ ಯಾಕ್ ಸಾಮಿ ಓಗಕ್ಕೋದ್ರಿ?”

ಸುಶಮೀಂದ್ರ ತಲೆ ಚಚ್ಚಿಕೊಂಡು ಮತ್ತೆ ಮೊದಲಿಂದ ವಿವರಿಸಿದ. ಜವರಯ್ಯ ಗಲ್ಲ ಕೆರೆದುಕೊಂಡು ಯೋಚಿಸಿದ.

“ಅಂಗಾರೆ ಇದು ಇನ್ನೊಬ್ರ ಗದ್ದೇಲಿ ಕಬ್ಬು ಮುರ್ದು ಊರ್ಗೆಲ್ಲ ಅಂಚ್ದಂಗೆ.”

“ಅಲ್ಲ ಜವರಯ್ಯನೋರೆ. ಕಬ್ಬು ಮುರಿದ್ರೆ ಅವರ ಗದ್ದೇಲಿ ಕಬ್ಬು ಕಮ್ಮಿ ಆಗತ್ತೆ. ಇದು ಹಾಗಲ್ಲ. ನಾನು ಬಸ್ಸು ತಗೊಂಡ ಮೇಲೂ ಅವರ ಬಸ್ಸು ಅವರ ಹತ್ರಾನೇ ಇದೆ.”

“ಕಮ್ಮಿ ಆಗ್ದೇ ಇದ್ಮೇಲೆ ಅವ್ರಿಗ್ಯಾಕೆ ಒಟ್ಟೆ ಉರಿ?”

“ಕಷ್ಟಪಟ್ಟು ಮಾಡಿದ್ದು ಅವರಲ್ವಾ? ತಗೋಬೇಕಾದ್ರೆ ಒಂದು ಮಾತು ಕೇಳ್ಬೇಕು ಅಂತ ಕಾನೂನು.”

“ಅದು ಸರಿಯೇಯ,” ಎಂದಳು ದೊಡ್ಡತಾಯಮ್ಮ. “ನಾನ್ ಬುಟ್ಟ ರಂಗೋಲೆ ನೋಡ್ಕಂಡು ಎದುರ್ಮನೆಯೋಳು ಬುಡ್ತಾಳೆ. ಬುಟ್ಕಳ್ಳಿ, ನಂಗೇನು ಕಮ್ಮಿ ಆಗಕಿಲ್ಲ. ಆದ್ರೂ ಒಂದ್ ಮಾತು ಕೇಳ್ಲಿಲ್ವಲ್ಲಾ ಅಂತ ಒಟ್ಟೆ ಉರೀತದೆ.”

ವಿಷಯ ಎಲ್ಲರಿಗೂ ಸ್ವಾರಸ್ಯವಾಗಿ ಕಂಡಿತು. ಮರ ದೇವರದಾದರೆ ಮರದ ಚಿತ್ರ ಯಾರದು? ಇಂಜಿನ್ನು ಒಬ್ಬರದು, ಸದ್ದು ಹಿಡಿದವನು ಇನ್ನೊಬ್ಬ, ಹಾಗಾದರೆ ಸದ್ದು ಯಾರದು? ವಾದ ಮಾಡುತ್ತಾ ಮಾಡುತ್ತಾ ಜವರಯ್ಯ ಚಾಪೆ ಎಳೆದುಕೊಂಡು ಕೂತೇಬಿಟ್ಟ.

“ಮಾತೆಲ್ಲ ಆಮೇಲೆ. ಅದೆಂತ ಆಟ, ಒಸಿ ತೋರ್ಸಿ ಮೇಷ್ಟ್ರೇ.”

ಸುಶಮೀಂದ್ರ ಬೇಡವೆನ್ನಲಾಗದೆ ಲ್ಯಾಪ್‌ಟಾಪು ತೆರೆದ. ತೆರೆಯಬಾರದಿತ್ತು.

ಪರದೆಯ ಮೇಲೆ ಬಸ್ಸು ಪಾಂಡವಪುರ ಬಿಟ್ಟು ಹೊರಟಿತು. ಹಸಿರು ಗದ್ದೆ, ನಾಲೆಯ ಏರಿ, ದೂರದಲ್ಲಿ ಕುಂತಿಬೆಟ್ಟ. ಮೂವರೂ ಬಾಯಿ ಬಿಟ್ಟು ನೋಡಿದರು. ಚಿನಕುರಳಿಗೆ ಸ್ವಲ್ಪ ಮುಂಚೆ ನಡುರಸ್ತೆಯಲ್ಲಿ ಒಂದು ಎಮ್ಮೆ ಮಲಗಿತ್ತು. ಬಲಗೊಂಬು ನೆಟ್ಟಗೆ, ಎಡಗೊಂಬು ಕೆನ್ನೆಯ ಕಡೆಗೆ ಬಾಗಿತ್ತು.

ಜವರಯ್ಯ ಮಂಡಿಯೂರಿ ಮುಂದಕ್ಕೆ ಬಾಗಿದ. “ಇದು ನಮ್ ಪುಟ್ಟಿ ಅಲ್ವಾ?”

ಸುಶಮೀಂದ್ರ ಮೌಸಿನಿಂದ ಕೈ ತೆಗೆದ. “ಅದು… ಬಾಲ್ಕನಿಯಿಂದ ನಾನೇ ಚಿತ್ರ ತೆಗೆದಿದ್ದು. ಎಮ್ಮೆ ಅಂದ್ರೆ ಅದರ ಹಾಗಿರ್ಬೇಕು ಅನ್ನಿಸ್ತು.”

“ಒಂದ್ ಮಾತು ಕೇಳ್ಬಾರ್ದಾ ಸಾಮಿ?”

ಪುಟ್ಟಿ ಏಳಲಿ ಎಂದು ಸುಶಮೀಂದ್ರ ಹಾರನ್ ಒತ್ತಿದ. ಎಮ್ಮೆ ಎದ್ದಿತು. ಬಸ್ಸು ಮುಂದಿನ ಸ್ಟಾಪು ದಾಟುವಾಗ ಲ್ಯಾಪ್‌ಟಾಪಿನೊಳಗಿಂದ ಹೆಂಗಸಿನ ದನಿಯೊಂದು ಕಂಚಿನ ತಟ್ಟೆ ಬಿದ್ದಂತೆ ಮೊಳಗಿತು: “ಲೇ, ನಿಲ್ಸಲಾ! ನಾವೇನ್ ಮನ್ಸುರಲ್ವಾ?”

ದೊಡ್ಡತಾಯಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಕೆಳಗಿನ ರಸ್ತೆಯಲ್ಲಿ ಬಸ್ಸು ನಿಲ್ಲಿಸದ ಡ್ರೈವರಿಗೆ ಅವಳು ಎಂದೋ ಹಾಕಿದ ಕೂಗು ಅದು. “ಅಯ್ಯೋ, ನನ್ ಬಾಯ್ನ ಪರ್‌ಪಂಚಕ್ಕೆಲ್ಲ ಬುಟ್ಟಿದ್ದೀರಲ್ಲಪ್ಪಾ! ಎಲ್ಲೆಲ್ಲಿ ಕೇಳ್ತದೆ ಇದು?”

“ಬ್ರೆಜಿಲ್‌ವರೆಗೂ,” ಎಂದ ಸುಶಮೀಂದ್ರ ತಲೆ ತಗ್ಗಿಸಿ.

“ಅದು ಮದ್ದೂರಿಂದ ಆಚ್ಗಾ ಈಚ್ಗಾ?”

ಅಷ್ಟರಲ್ಲಿ ನಾಗರಾಜು ಯಾರಿಗೋ ಫೋನ್ ಮಾಡಿಯಾಗಿತ್ತು. ಸ್ವಲ್ಪ ಹೊತ್ತಿನಲ್ಲಿ ಮನೆಯ ಮುಂದೆ ನಿಜವಾದ ಬಸ್ಸೊಂದು ನಿಂತಿತು. ಹಿಂಬದಿಯಲ್ಲಿ ಕೆಂಪು ಅಕ್ಷರದಲ್ಲಿ ‘ಚಿನ್ನು’ ಎಂದು ಬರೆಸಿದ್ದ, ಆ ರೂಟಿನ ಖಾಸಗಿ ಬಸ್ಸು. ಭಾನುವಾರ ಅದಕ್ಕೆ ರಜೆ. ಅದರ ಮಾಲೀಕ ಶಿವಶಂಕರ್, ಸಿಂಧಘಟ್ಟದವನು, ಮಗಳ ಹೆಸರನ್ನೇ ಬಸ್ಸಿಗಿಟ್ಟವನು, ಮೇಲಕ್ಕೆ ಬಂದು ಪರದೆ ನೋಡಿದ. ಅಲ್ಲೂ ಬಸ್ಸಿನ ಹಿಂದೆ ಕೆಂಪು ಅಕ್ಷರದಲ್ಲಿ ‘ಚಿನ್ನು’ ಎಂದೇ ಇತ್ತು. ಹಾರನ್ನೂ ಅವನದೇ.

“ಬಸ್ಸು ಕಂಪನಿಯವರದ್ದು,” ಎಂದು ಸುಶಮೀಂದ್ರ ತೊದಲಿದ, “ಪೇಂಟು ನಿಮ್ಮದನ್ನ ನೋಡಿ ಹಾಕಿದ್ದು, ಹಾರನ್ ನಿಮ್ಮದೇ ರೆಕಾರ್ಡ್ ಮಾಡಿದ್ದು. ಒಟ್ಟು ಬಸ್ಸು ಯಾರದು ಅಂತ ನನಗೂ ಈಗ ಗೊತ್ತಾಗ್ತಿಲ್ಲ.”

ಶಿವಶಂಕರ್ ಕೋಪ ಮಾಡಿಕೊಳ್ಳಲಿಲ್ಲ. ಅವನಿಗೆ ನೋವಾಗಿತ್ತು. “ಮೇಷ್ಟ್ರೇ, ನಮ್ ಭಾಮೈದ ಕೇಳುದ್ರೂ ನಾನ್ ಬಸ್ಸಿನ್ ಕೀ ಕೊಡಕಿಲ್ಲ. ನೀವು ನೋಡುದ್ರೆ ಕಂಡ್ ಕಂಡೋರ್ ಕೈಗೆಲ್ಲ ಕೊಟ್ಟಿದ್ದೀರಿ. ಯಾರ್ಯಾರು ಎಂಗೆಂಗ್ ಓಡುಸ್ತಾವ್ರೋ ಏನೋ!”

ಮಧ್ಯಾಹ್ನದ ಹೊತ್ತಿಗೆ ಸುಶಮೀಂದ್ರನ ಸ್ಥಿತಿ ಬಹಳ ಕೆಟ್ಟಿತು. ಬೆಳಿಗ್ಗೆ ಒಬ್ಬರ ಆಸ್ತಿ ತೆಗೆದುಕೊಂಡಿದ್ದವನು ಈಗ ನಾಲ್ವರದನ್ನು ತೆಗೆದುಕೊಂಡವನಾಗಿದ್ದ. ಸಿಂಚನಳಿಗೆ ಫೋನ್ ಮಾಡಿದ. ಕ್ಲಾಸಿನಲ್ಲಿದ್ದ ಅವಳು ಎತ್ತಲಿಲ್ಲ.

“ಒಂದೇ ದಾರಿ ಇರೋದು ಸಾ,” ಎಂದ ನಾಗರಾಜು. “ಸಂಜೆ ಅವ್ರು ಬಯ್ಯಕ್ಕೆ ಮುಂಚೆ ನಾವೇ ಕ್ಷಮೆ ಕೇಳ್ಬುಡದು. ಇವಾಗೆಲ್ಲ ಇಡಿಯೋ ಬುಡ್ತಾರೆ ಸಾ. ದೊಡ್ಡ ದೊಡ್ಡೋರೇ ಕಣ್ಣೀರಾಕಿ ಇಡಿಯೋ ಬುಟ್ಟು ಬಚಾವಾಗವ್ರೆ. ನಾನಿದೀನಿ, ನೀವ್ ನಿಂತ್ಕಳಿ ಸಾಕು.”

ಮೊದಲು ನಾಗರಾಜು ಪಕ್ಕದಲ್ಲೇ ನಿಂತು ಇಂಟರ್ನೆಟ್ಟಿನಲ್ಲಿದ್ದ ‘ಪೇಟೆ ಬಸ್ಸು’ ಗಂಟನ್ನು ಅಳಿಸಿಹಾಕಿಸಿದ. ಸುಶಮೀಂದ್ರ ಆ ಗುಂಡಿ ಒತ್ತುವಾಗ ಕಣ್ಣು ಮುಚ್ಚಿಕೊಂಡ. ಕ್ಷಣದಲ್ಲೇ ಬ್ರೆಜಿಲ್‌ನವನ ಸಂದೇಶ ಬಂತು: “ಚಿನಕುರಳಿಗೆ ಏನಾಯಿತು?” ಸುಶಮೀಂದ್ರ ಫೋನನ್ನು ಮಗುಚಿ ಇಟ್ಟ.

ಆಮೇಲೆ ಹಿತ್ತಲಲ್ಲಿ ಶೂಟಿಂಗ್ ಶುರುವಾಯಿತು. ಮನೆಯೊಳಗೆ ಕರೆಂಟಿರಲಿಲ್ಲ, ಹಿತ್ತಲಲ್ಲಿ ಬೆಳಕು ಚೆನ್ನಾಗಿತ್ತು. ಮೊದಲ ಸಲ ಸುಶಮೀಂದ್ರ ಕೈಮುಗಿದು “ಮಾನ್ಯರೇ” ಎನ್ನುತ್ತಿದ್ದಂತೆ ಪುಟ್ಟಿ ಹಿಂದಿನಿಂದ ಬಂದು ಅವನ ಅಂಗಿಯ ತುದಿ ಜಗಿಯತೊಡಗಿತು. ಎರಡನೇ ಸಲ ದೊಡ್ಡತಾಯಮ್ಮ ಪಕ್ಕದ ಮನೆಯ ಕೋಳಿಗೆ ಹಾಕಿದ ಕೂಗು ಸೇರಿಹೋಯಿತು. ಮೂರನೇ ಸಲ ಎಲ್ಲ ಸರಿಹೋಯಿತು ಎಂದುಕೊಂಡರೆ ನಾಗರಾಜು ರೆಕಾರ್ಡ್ ಒತ್ತುವುದನ್ನೇ ಮರೆತಿದ್ದ.

“ಅಳು ಸಾಲ್ದು ಸಾ. ಪ್ರೇಯರ್‌ನಲ್ಲಿ ನಿಂತಂಗೆ ನಿಂತಿದೀರಿ. ನಾನ್ ಯೋಳ್ದಂಗ್ ಯೋಳಿ: ಈ ಆಟದಲ್ಲಿರೋ ಬಸ್ಸು, ರಸ್ತೆ, ಮರ, ಎಮ್ಮೆ, ಸದ್ದು, ಒಂದೂ ನನ್ನದಲ್ಲ. ಎಲ್ಲ ನಿಮ್ಮದೇ.”

“ರಸ್ತೆ ನಾನೇ ಮಾಡಿದ್ದಲ್ವಾ ನಾಗರಾಜು?” ಎಂದ ಸುಶಮೀಂದ್ರ. “ಒಂದೊಂದು ಹಂಪಿಗೂ ಸ್ಕೂಟರಲ್ಲಿ ಹೋಗಿ ಅಳತೆ ತಗೊಂಡಿದೀನಿ.”

“ಕ್ಷಮೆ ಕೇಳೋವಾಗ ಇದು ನಂದು ಅದು ನಿಮ್ದು ಅಂತ ಪಾಲು ಮಾಡ್ತಾ ಕೂತ್ಕತಾರಾ ಸಾ? ಅರ್ಧ ಕ್ಷಮೆ ಕೇಳುದ್ರೆ ಪೂರ್ತಿ ಕ್ವಾಪ ಬತ್ತದೆ. ಎಲ್ಲಾ ಬುಟ್ಕೊಟ್ಬುಡಿ. ಅವ್ರೇನ್ ನಿಮ್ ರಸ್ತೆ ಉಪ್ಪಾಕ್ಕಂಡ್ ನೆಕ್ತಾರಾ?”

ಜವರಯ್ಯ ಎದ್ದು ನಿಂತ. “ಎಮ್ಮೆ ಯಾಕ್ ಸೇರುಸ್ತಿದೀಯಲಾ ನಾಗರಾಜು? ಪುಟ್ಟಿ ನಂದು. ಐದ್ರಾಬಾದಿನೋರಿಗ್ ನಾನ್ಯಾಕ್ ಬುಟ್ಕೊಡ್ಲಿ?”

“ಬಸ್ಸೂ ಅಂಗೇಯ. ಎಸ್ರು ನಮ್ ಮಗಳ್ದು,” ಎಂದ ಶಿವಶಂಕರ್.

“ಅಯ್ಯೋ, ಅದುಕ್ಕೇನಣ್ಣ! ಇಡಿಯೋ ಬುಟ್ಮೇಲೆ ಕೆಳಗಡೆ ಕಾಮೆಂಟ್ ಆಕದು. ಎಮ್ಮೆ ನಂದು ಅಂತ ನೀನಾಕು, ಬಸ್ ನಂದು ಅಂತ ಅವ್ರ್ ಆಕ್ಲಿ. ಬರಕ್ಕೆ ಬರ್ದಿದ್ರೆ ನಾನ್ ಬರ್ಕೊಡ್ತೀನಿ.”

ನಾಲ್ಕನೇ ಸಲ ಸುಶಮೀಂದ್ರನಿಗೆ ನಿಜವಾಗಿಯೇ ಅಳು ಬಂತು. ಅಷ್ಟು ದಿನ ಕಟ್ಟಿದ ರಸ್ತೆಯನ್ನು ‘ನನ್ನದಲ್ಲ’ ಎನ್ನುವಾಗ ಕನ್ನಡಕ ಮಂಜಾಯಿತು. ನಾಗರಾಜು ಸಂತೋಷದಿಂದ ಹೆಬ್ಬೆರಳು ತೋರಿಸಿದ. ವಿಡಿಯೋ ಇಂಟರ್ನೆಟ್ಟಿಗೆ ಹೋಯಿತು, ಅದರ ಲಿಂಕು ಕಂಪನಿಯ ಮೇಲಿಗೆ ಹೋಯಿತು. ನೋಡುವವರಿಗೆ ಅನುಮಾನ ಉಳಿಯಬಾರದೆಂದು ನಾಗರಾಜು ಅದೇ ಮಾತನ್ನು ಸುಶಮೀಂದ್ರನ ಪೂರ್ತಿ ಹೆಸರು, ಊರು ಸಮೇತ ಕೆಳಗೆ ಬರೆದೂ ಹಾಕಿಸಿದ. ಅದರ ಕೆಳಗೆ ಒಂದೊಂದಾಗಿ ಕಾಮೆಂಟು ಬಿದ್ದವು. ‘ಎಮ್ಮೆ ನಮ್ದು, ಜವರಯ್ಯ.’ ‘ಚಿನ್ನು ಪೇಂಟು, ಹಾರನ್ನು ನಂದು, ಶಿವಶಂಕರ್.’ ‘ಬಾಯಿ ನಂದು, ದೊಡ್ಡತಾಯಮ್ಮ.’

ಬಿಸಿಲು ಇಳಿಯುವ ಹೊತ್ತಿಗೆ ಫೋನು ಬಂತು. ಅಂಗಳದಲ್ಲಿದ್ದವರೆಲ್ಲ ಸುತ್ತ ಸೇರಿದರು. ಸುಶಮೀಂದ್ರ ಎದ್ದು ನಿಂತೇ ಫೋನೆತ್ತಿ ಸ್ಪೀಕರಿಗೆ ಹಾಕಿದ.

“ನಮಸ್ಕಾರ ಸರ್, ನಾನು ಪ್ರಜ್ಞ ಅಂತ. ಕಂಪನಿ ಕಡೆಯಿಂದ. ನಾನೂ ಮೈಸೂರು ಕಡೆಯವಳೇ, ಅದಕ್ಕೇ ನನಗೆ ಮಾತಾಡೋಕೆ ಹೇಳಿದ್ರು.”

“ಮೇಡಂ, ದಯವಿಟ್ಟು ಕ್ಷಮಿಸಿ. ಎಲ್ಲಾ ಅಳಿಸಿಬಿಟ್ಟಿದೀನಿ.”

“ಯಾಕೆ ಸರ್? ಹಳೇ ಆಟದ ಬಸ್ಸು, ಮರ ಎಲ್ಲ ಅಭಿಮಾನಿಗಳು ಬಳಸಬಹುದು ಅಂತ ನಾವೇ ಹೋದ ವರ್ಷ ಬಿಟ್ಟುಕೊಟ್ಟಿದ್ವಲ್ಲ. ಅದನ್ನೂ ಹೇಳೋಣ ಅಂತಲೇ ಫೋನ್ ಮಾಡಿದ್ದು. ನಿಮ್ಮ ಕಡೆಯಿಂದ ಏನೂ ತಪ್ಪಿಲ್ಲ.”

ಸುಶಮೀಂದ್ರ ಕೂರಲು ಹಿಂದೆ ತಡಕಿದ. ದೊಡ್ಡತಾಯಮ್ಮ ಹಿಂದಿನಿಂದ ಕುರ್ಚಿ ತಳ್ಳಿದಳು.

“ತಪ್ಪಿಲ್ಲ ಅಂದ್ರೆ, ಕಾಪಿರೈಟ್ ಬಗ್ಗೆ ಮಾತಾಡ್ಬೇಕು ಅಂತ ಬರೆದಿದ್ರಲ್ಲ?”

“ನಿಮ್ಮ ಕಾಪಿರೈಟ್ ಬಗ್ಗೆ ಸರ್! ನಾವು ಆಟವನ್ನ ಹೊಸದಾಗಿ ತರ್ತಿದೀವಿ. ನಿಮ್ಮ ರಸ್ತೆ ನಮ್ಮವರಿಗೆಲ್ಲ ತುಂಬಾ ಇಷ್ಟವಾಗಿತ್ತು. ಆದ್ರೆ ಅದು ನೀವು ಮಾಡಿದ್ದು, ನಿಮ್ಮನ್ನ ಕೇಳದೆ ತಗೊಳ್ಳೋ ಹಾಗಿಲ್ಲ ಅಂತ ನಮ್ಮ ವಕೀಲರು ಪಟ್ಟು ಹಿಡಿದಿದ್ರು. ಒಪ್ಪಂದ ಮಾಡಿಕೊಂಡು, ಮುಂದಿನ ರಸ್ತೆಗಳನ್ನೂ ನಿಮ್ಮ ಕೈಯಲ್ಲೇ ಮಾಡಿಸೋಣ ಅಂತಿದ್ವಿ.”

“ಅಂತಿದ್ರಿ?” ಎಂದ ಸುಶಮೀಂದ್ರ ಬಹಳ ಸಣ್ಣ ದನಿಯಲ್ಲಿ.

“ಮಧ್ಯಾಹ್ನ ನಿಮ್ಮ ವಿಡಿಯೋ ಬಂತು ಸರ್. ಹೊಸ ಆಟದ ಕೆಲಸ ಅಂತ ಭಾನುವಾರಾನೂ ಆಫೀಸಿಗೆ ಬಂದಿದ್ವಿ, ಎಲ್ಲರ ಕಣ್ಣಲ್ಲೂ ನೀರು. ಎಂಥ ದೊಡ್ಡ ಮನಸ್ಸು! ವಕೀಲರೂ ನೋಡಿದ್ರು. ಬರೀ ಬಾಯಿಮಾತು ಸಾಲದು, ಬರವಣಿಗೇಲಿ ಬೇಕು ಅಂದ್ರು. ನೋಡಿದ್ರೆ ಕೆಳಗಡೆ ಬರವಣಿಗೇಲೂ ಕೊಟ್ಟಿದ್ದೀರಿ, ಹೆಸರು ಊರು ಸಮೇತ. ಅವರು ಇಷ್ಟು ಖುಷಿಯಾಗಿದ್ದನ್ನ ನಾನು ನೋಡೇ ಇರಲಿಲ್ಲ.”

“ಮೇಡಂ, ಅದು ಹೆದರಿ ಹೇಳಿದ್ದು…”

“ಹಾಗೇನಾದ್ರೂ ಇದ್ದೀತಾ ಅಂತ ನಾನೂ ವಕೀಲರನ್ನ ಕೇಳಿದೆ ಸರ್, ಬರೆದುಕೊಟ್ಟಾಯ್ತಲ್ಲ ಅಂದ್ರು. ಆದ್ರೆ ಹೊಸ ಆಟದ ಕೆಲಸ ಆಗಲೇ ಮುಂದಕ್ಕೆ ಹೋಗಿಬಿಟ್ಟಿದೆ. ಆಮೇಲೆ ಕಾಮೆಂಟಲ್ಲಿ ಎಮ್ಮೆ ನಂದು, ಬಸ್ಸಿನ ಪೇಂಟು ನಂದು, ದನಿ ನಂದು ಅಂತ ಮೂವರು ಬರೆದಿದಾರಲ್ಲ, ಅವರಿಗೆ ನಾಳೆ ನಾನೇ ಫೋನ್ ಮಾಡ್ತೀನಿ. ಅವರ ಒಪ್ಪಿಗೆ ತಗೊಂಡು, ಆಟದ ಕೊನೇಲಿ ಅವರ ಫೋಟೋ ಹಾಕ್ತೀವಿ. ಯಾರೂ ನಂದು ಅನ್ನದೆ ಉಳಿದಿದ್ದು ರಸ್ತೆ ಒಂದೇ. ಅದು ಕಂಪನಿಗಾಯ್ತು. ಒಂದು ಸಣ್ಣ ಸಹಾಯ ಸರ್, ಅಳಿಸಿಬಿಟ್ಟೆ ಅಂದ್ರಲ್ಲ, ನಿಮ್ಮ ಕಂಪ್ಯೂಟರಲ್ಲಿ ರಸ್ತೆ ಇದ್ರೆ ನಮಗೆ ಕಳಿಸಿಬಿಡಿ. ಆಮೇಲೆ ನೀವು ಅದನ್ನ ಎಲ್ಲಾದ್ರೂ ಬಳಸೋದಾದ್ರೆ ನಮಗೊಂದು ಮೇಲ್ ಹಾಕಿ. ಕೇಳಿದ್ರೆ ಬಹುಶಃ ಕೊಡ್ತಾರೆ.”

ಫೋನು ಇಟ್ಟ ಮೇಲೆ ಎಲ್ಲರೂ ಒಟ್ಟಿಗೆ ಮಾತಾಡಿದರು. ಜವರಯ್ಯ ಪುಟ್ಟಿಯ ಮೈ ತೊಳೆಯಲು ನೀರು ತರಿಸಿದ. ದೊಡ್ಡತಾಯಮ್ಮ ಗಂಟಲಿಗೆ ಒಳ್ಳೆಯದೆಂದು ಶುಂಠಿ ಕಷಾಯ ಕಾಯಿಸಲು ಒಳಗೆ ಹೋದಳು. ಶಿವಶಂಕರ್ ಮಗಳಿಗೆ ಫೋನ್ ಮಾಡಿ, “ಚಿನ್ನು, ನೀನು ಕಂಪ್ಯೂಟರ್‌ನಲ್ಲಿ ಬತ್ತೀಯ ಕಣವ್ವಾ!” ಎಂದು ಕೂಗಿದ.

“ನಾನ್ ಯೋಳ್ಲಿಲ್ವಾ ಸಾ?” ಎಂದ ನಾಗರಾಜು ಹೆಮ್ಮೆಯಿಂದ. “ಇಡಿಯೋ ಬುಟ್ರೆ ಎಲ್ಲಾ ಸಲೀಸಾಯ್ತದೆ ಅಂತ. ಕೇಸು ಇಲ್ಲ, ಗೀಸು ಇಲ್ಲ.”

ಸಿಂಚನ ಮನೆಗೆ ಬಂದಾಗ ಗಂಡ ಲ್ಯಾಪ್‌ಟಾಪಿನ ಮುಂದೆ ಕೂತು ಇಂಗ್ಲಿಷಿನಲ್ಲಿ ಏನೋ ಬರೆದು, ಅಳಿಸಿ, ಮತ್ತೆ ಬರೆಯುತ್ತಿದ್ದ. ಅಂಗಳದಲ್ಲಿ ನಡೆದದ್ದನ್ನೆಲ್ಲ ಅವಳಿಗೆ ದೊಡ್ಡತಾಯಮ್ಮ ಬಾಗಿಲಲ್ಲೇ ಹೇಳಿಯಾಗಿತ್ತು. ಅವಳು ಬೈಯಲಿಲ್ಲ. ಪಕ್ಕದಲ್ಲಿ ಕೂತು ಪರದೆಯ ಕಡೆ ನೋಡಿದಳು.

“ಏನು ಬರೀತಿದೀರಿ?”

“ಪರ್ಮಿಷನ್ ಕೇಳ್ತಿದೀನಿ.”

“ಯಾತಕ್ಕೆ?”

“ನಾನು ಮಾಡಿದ ರಸ್ತೇಲಿ ನಾನು ಬಸ್ಸು ಓಡಿಸೋದಕ್ಕೆ.”

ಆ ಮಾತು ಕಿಟಕಿಯಿಂದ ಕೆಳಕ್ಕೂ ಕೇಳಿಸಿರಬೇಕು. ಬಸ್ಸು ಹತ್ತುತ್ತಿದ್ದ ಶಿವಶಂಕರ್ ಅರ್ಧಕ್ಕೆ ನಿಂತು, ಕತ್ತು ಮೇಲೆತ್ತಿ ಕೂಗಿದ:

“ಬಸ್ಸು ಅಂದ್ರಾ ಮೇಷ್ಟ್ರೇ? ಅಂಗಾರೆ ನನ್ನೂ ಒಂದ್ ಮಾತು ಕೇಳ್ಬೇಕು!”